ಗೋವಿನಜೋಳಕ್ಕೆ ಅಜೋಸ್ಪಿರಿಲಮ್, ಪಿಎಸ್‌ಬಿ: ಮೂರು ಮುಂಗಾರು ಬಳಸಿದ ಮೇಲೆ

ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಮೂರು ಎಕರೆ ಮಸಾರಿ. ಗರಸು ನೆಲ, ಮಳೆ ಎಂಟು ದಿನ ತಡವಾದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.3 ಅಂತ ಬಂದಿತ್ತು. 0.5ಕ್ಕಿಂತ ಕಡಿಮೆಯಿದ್ದರೆ ಬಡ ಮಣ್ಣು ಅಂತಲೇ ಲೆಕ್ಕ.

2023ರಲ್ಲಿ ಮೊದಲ ಸಲ ಅಜೋಸ್ಪಿರಿಲಮ್ (ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ), ಪಿಎಸ್‌ಬಿ (ಮಣ್ಣಿನ ರಂಜಕ ಕರಗಿಸಿಕೊಡುವ ಬ್ಯಾಕ್ಟೀರಿಯಾ) ಎರಡರ ಪುಡಿ ತಂದೆ. ಪೊಟ್ಟಣದ ಮೇಲೆ ಬರೆದಂತೆ ಬೆಲ್ಲದ ಪಾಕ ಕಾಸಿ, ಆರಿಸಿ, ಬೀಜಕ್ಕೆ ಸವರಿ, ಕರಿ ಪುಡಿ ಉದುರಿಸಿ ಪಡಸಾಲೆಯ ನೆರಳಲ್ಲಿ ಹರವಿದೆ. ಮನೆಯೆಲ್ಲ ಆಲೆಮನೆ ವಾಸನೆ. ಇರುವೆ ಸಾಲುಗಟ್ಟಿ ಬಂದವು. ಅವ್ವ ಕಸಬರಿಗೆ ಹಿಡಿದು ಕೂತು, "ಬಿತ್ತೂಕಿಂತ ಮೊದಲ ಜ್ವಾಳಕ್ಕ ಕುಬಸ ಮಾಡಾಕತ್ತಿ ಏನಲೇ?" ಅಂದಳು.

ಆ ವರ್ಷ ಬರ. ಬೆಳೆ ಬಾರದ್ದಕ್ಕೆ ಪುಡಿಯನ್ನು ಬೈಯಲಿಲ್ಲ. ಮರುವರ್ಷ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದಾಗ ಅವರು ಕೇಳಿದ್ದು ಒಂದೇ: "ಬೀಜ ಯಾವ ಬಣ್ಣದ್ದಿತ್ತು?"

ಗುಲಾಬಿ. ಹೈಬ್ರಿಡ್ ಬೀಜ ಚೀಲದಲ್ಲಿರುವಾಗಲೇ ಶಿಲೀಂಧ್ರನಾಶಕ ಹಚ್ಚಿಕೊಂಡಿರುತ್ತದೆ (ಬರಿಗೈಲಿ ಮುಟ್ಟಲೂ ಬಾರದು, ನಾನು ಮೊಣಕೈತನಕ ಕಲಸಿದ್ದೆ). ಪುಡಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ವಿಷದ ಮೇಲೆ ಅಂಟಿಸಿದರೆ ಬಹಳಷ್ಟು ಸತ್ತೇ ಹೋಗುತ್ತವೆ. 'ರಾಸಾಯನಿಕದೊಂದಿಗೆ ಬೆರೆಸಬೇಡಿ' ಅಂತ ಪೊಟ್ಟಣದ ಹಿಂದೆ ಸಾಸಿವೆಯಷ್ಟು ಅಕ್ಷರದಲ್ಲಿದೆ. ಬೀಜೋಪಚಾರದ ಚಿತ್ರ ಮಾತ್ರ ಮುಂದೆ, ದೊಡ್ಡದಾಗಿ. ನಮ್ಮ ಕಡೆ ಹೈಬ್ರಿಡ್ ಬಿಟ್ಟು ಬಿತ್ತುವವರು ಎಷ್ಟು ಮಂದಿ? ಸಾಲದ್ದಕ್ಕೆ, ಅದನ್ನು ಕೊಂಡ ಅಂಗಡಿಯಲ್ಲಿ ಪೊಟ್ಟಣಗಳು ತಗಡಿನ ಕೆಳಗೆ ಬಿಸಿಲಿಗೆ ಬೇಯುತ್ತಿದ್ದವು. ಮುನ್ನೂರು ರೂಪಾಯಿ ಮಣ್ಣಿಗೆ, ಅದೂ ಸತ್ತ ಮಣ್ಣಿಗೆ.

2024ರಿಂದ ಬೀಜದ ತಂಟೆಗೇ ಹೋಗಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಹೊಸ ತಾರೀಖಿನ ಪುಡಿ ತಂದು, ಎಕರೆಗೆ ಎರಡೆರಡು ಕೆ.ಜಿ.ಯಂತೆ, ಜರಡಿ ಹಿಡಿದ ಒಂದು ಕ್ವಿಂಟಲ್ ತಿಪ್ಪೆಗೊಬ್ಬರಕ್ಕೆ ಕಲಸಿ ಬೇವಿನ ಮರದಡಿ ಗುಡ್ಡೆ ಹಾಕುತ್ತೇನೆ. ಮೇಲೆ ಹಸಿ ಗೋಣಿಚೀಲ. ಒಂದು ವಾರ ಸಂಜೆ ಹೊತ್ತು ನೀರು ಚಿಮುಕಿಸಿ, ಚೀಲದಡಿ ಕೈ ತೂರಿಸಿ ನೋಡುವುದು ನನ್ನ ಚಟ. ನಾಲ್ಕನೇ ದಿನಕ್ಕೆ ಸಗಣಿ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಬಿತ್ತುವ ದಿನ ಸಾಲಿಗೆ ಹಾಕಿದರಾಯಿತು. ಸತುವಿನ ಸಲ್ಫೇಟ್ ಎಕರೆಗೆ 10 ಕೆ.ಜಿ., ಅದು ಬೇರೆಯಾಗಿ. ರಂಜಕದ ಗೊಬ್ಬರವಾದ ಡಿಎಪಿ ಜೊತೆ ಸತು ಕಲಸಿದರೆ ಎರಡೂ ದಂಡ.

ಯೂರಿಯಾ ಉಳಿಸಲಿಕ್ಕೆ ಇದನ್ನು ಕೊಳ್ಳಬೇಡಿ. 45 ಕೆ.ಜಿ. ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಅರ್ಧ ಚೀಲ ಉಳಿದರೂ ಪುಡಿಯ ದುಡ್ಡು ಹುಟ್ಟುವುದಿಲ್ಲ. ಚೀಲಕ್ಕೆ 1,350 ರೂಪಾಯಿಯ ಡಿಎಪಿಯಲ್ಲಿ ಕಾಲು ಭಾಗ ಇಳಿಸಿದ್ದು ಮಾತ್ರ ಲೆಕ್ಕಕ್ಕೆ ಸಿಕ್ಕಿತು. ಎಕರೆಗೆ ಹದಿನಾಲ್ಕು ಕ್ವಿಂಟಲ್ ಬರುತ್ತಿದ್ದದ್ದು ಹದಿನೇಳಾಯಿತು, ಮಳೆಯೂ ಚೆನ್ನಾಗಿತ್ತು ಅನ್ನಿ. ಪುಡಿ ಹಾಕದ ನಾಲ್ಕು ಸಾಲಿನ ದಂಟು ಕಿತ್ತರೆ ಬೇರು ಬೋಳು. ಹಾಕಿದ ಕಡೆ ಬೇರಿನ ತುಂಬ ಮಣ್ಣು ಮೆತ್ತಿಕೊಂಡು ಬಂತು, ಕೊಡವಿದರೂ ಬೀಳಲಿಲ್ಲ. ಅದನ್ನು ತಂದು ಅವ್ವನಿಗೆ ತೋರಿಸಿದ್ದೆ.

ಈ ವರ್ಷ ಉಳಿದ ಪೊಟ್ಟಣ ನೀರಿನ ಹರವಿಯ ಪಕ್ಕ ತಂಪಿನಲ್ಲಿದೆ. ಫ್ರಿಜ್ಜಿನಲ್ಲಿಡಲು ಅವ್ವ ಇನ್ನೂ ಒಪ್ಪಿಲ್ಲ.