ಬೋರ್ಡಿಲ್ಲದ ಹಳೇ ಪುಸ್ತಕದಂಗಡಿ, ನಾಲ್ಕು ಕಪಾಟಲ್ಲಿ ಸಿಕ್ಕ ಫ್ರೆಡ್ ಹಾಯ್ಲ್

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಬೋರ್ಡಿಲ್ಲ. ಮೈಸೂರಿನ ಚಿಕ್ಕ ಗಡಿಯಾರದಿಂದ ಐದು ನಿಮಿಷ ನಡೆದರೆ ಒಂದು ಪಾತ್ರೆ ಅಂಗಡಿ, ಅದರ ಪಕ್ಕದಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು, ಮೇಲೆ ಹಳೇ ಪುಸ್ತಕ. ವಿಳಾಸ ಬರೆಯಬೇಡಿ ಎಂದು ಯಜಮಾನರೇ ಹೇಳಿದ್ದಾರೆ. "ಜನ ಬಂದ್ರೆ ಎಲ್ಲಿ ನಿಲ್ಸೋದು ಮೇಡಂ?" ಇರುವುದು ಒಂದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಅವರೇ ಕೂತಿರುತ್ತಾರೆ. ಫ್ಯಾನಿದೆ, ಹಾಕುವುದಿಲ್ಲ. ಹಾಳೆ ಹಾರುತ್ತವಂತೆ.

ನಾನು ಮಂಡ್ಯದವಳು. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದೆ. ತಿಂಗಳಿಗೆರಡು ಸಲ ಮೆಮು ರೈಲು ಹತ್ತಿ ಕುವೆಂಪುನಗರದ ಮಗಳ ಮನೆಗೆ ಬರುತ್ತೇನೆ. ಮೊಮ್ಮಗ ಸ್ಕೂಲಿಂದ ಬರುವ ತನಕ ನನಗೆ ಈ ಅಂಗಡಿ. ವ್ಯವಹಾರ ಹೀಗೆ: ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್ಲಲ್ಲಿ ಬೆಲೆ. ಓದಿ ವಾಪಸ್ ತಂದರೆ ಅರ್ಧ ದುಡ್ಡು ಕೈಗೆ. ವಾಪಸ್ ಬಂದದ್ದರ ಹಳೇ ಬೆಲೆ ಹೊಡೆದು ಕೆಳಗೆ ಹೊಸದು ಬರೆಯುತ್ತಾರೆ, ಇನ್ನಷ್ಟು ಕಡಿಮೆ. ಹಾಗಾಗಿ ಮೊದಲ ಪುಟ ತೆರೆದರೆ ಆ ಪುಸ್ತಕದ ಜಾತಕವೇ ಸಿಗುತ್ತದೆ. ಫೋನಲ್ಲೂ ಹಣ ಕಟ್ಟಬಹುದು, ಆದರೆ ಬಂತೋ ಇಲ್ಲವೋ ಎಂದು ಕೂಗಿ ಹೇಳುವ ಡಬ್ಬಿ ಕೆಳಗಿನ ಪಾತ್ರೆ ಅಂಗಡಿಯಲ್ಲಿದೆ. ಅಲ್ಲಿನ ಹುಡುಗ "ಬಂತೂ" ಅನ್ನುವವರೆಗೆ ಮೆಟ್ಟಿಲ ಮೇಲೆ ಕಾಯಬೇಕು.

ಕಪಾಟುಗಳಿಗೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದಾರೆ: ಪರೀಕ್ಷೆ, ಸೈನ್ಸು, ಕತೆ, ಡಾಕ್ಟ್ರು, ದೇವ್ರು ದಿಂಡ್ರು, ಇತರೆ. ಒಂದು ಮಧ್ಯಾಹ್ನ ಇವುಗಳಲ್ಲಿ ನಾಲ್ಕು ಕಪಾಟಿಂದ ಒಬ್ಬನೇ ಲೇಖಕನ ನಾಲ್ಕು ಇಂಗ್ಲಿಷ್ ಪುಸ್ತಕ ಹೆಕ್ಕಿದೆ. ಯಜಮಾನರು ನಾಲ್ವರು ಹಾಯ್ಲ್‌ಗಳಿದ್ದಾರೆ ಅಂದುಕೊಂಡಿದ್ದರು. ತಪ್ಪು ಅವರದ್ದಲ್ಲ. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಒಬ್ಬರೇ ಎಂದು ನಂಬುವುದು ನನಗೂ ಕಷ್ಟವೇ.

ಸೈನ್ಸು ಕಪಾಟಿನವರನ್ನು ನಾನು ಮೊದಲಿಂದ ಬಲ್ಲೆ. 1915ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನದು ಉಣ್ಣೆ ವ್ಯಾಪಾರ. ಹುಡುಗನಿಗೆ ಸ್ಕೂಲೆಂದರೆ ಆಗದು. ಹೂವಿಗೆ ಐದೇ ಎಸಳು ಎಂದ ಟೀಚರಿಗೆ ಆರೆಸಳಿನದು ತೋರಿಸಿ ಕಿವಿಗೆ ಏಟು ತಿಂದ. ಮುಂದೆ ಮಂದವಾದದ್ದು ಅದೇ ಕಿವಿ ಎಂದು ಅವರೇ ಬರೆದುಕೊಂಡಿದ್ದಾರೆ. (ನಂದಿಬಟ್ಟಲಿಗೆ ಐದೇ ಎಸಳು ಎಂದು ನಾನೂ ಹೇಳಿಕೊಟ್ಟವಳು. ಆರೆಸಳಿನದು ಯಾರೂ ತರಲಿಲ್ಲ, ಬಚಾವು.)

ಅವರ ದೊಡ್ಡ ಕೆಲಸ ನಮ್ಮ ಕಡೆಯವರಿಗೆ ಅರ್ಥವಾಗಬೇಕಾದರೆ ಆಲೆಮನೆಗೆ ಹೋಗಬೇಕು. ಪಾಕ ಹದಕ್ಕೆ ಬಂದ ಗಳಿಗೆಯಲ್ಲೇ ಕೊಪ್ಪರಿಗೆ ಇಳಿಸಬೇಕು, ತುಸು ಆಚೀಚೆ ಆದರೂ ಅಚ್ಚು ಕೂರುವುದಿಲ್ಲ. ನಕ್ಷತ್ರದೊಳಗೆ ಮೂರು ಹೀಲಿಯಂ ನ್ಯೂಕ್ಲಿಯಸ್ ಕೂಡಿದರೆ ಇಂಗಾಲ. ಆದರೆ ಮೊದಲ ಎರಡು ಕೂಡಿ ಆಗುವ ಬೆರಿಲಿಯಂ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದು. ಅಷ್ಟರೊಳಗೆ ಮೂರನೆಯದು ಬಂದು ಸೇರಿ ಇಂಗಾಲ ಕೂರಬೇಕಾದರೆ ಇಂಗಾಲಕ್ಕೆ ಸರಿಯಾಗಿ ಒಂದು ಶಕ್ತಿಯ ಮಟ್ಟ ಇರಲೇಬೇಕು ಎಂದು ಲೆಕ್ಕ ಹಾಕಿದ ಹಾಯ್ಲ್, 1953ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಫೌಲರ್ ಮುಂದೆ ಹೋಗಿ ಹುಡುಕಿ ನೋಡಿ ಎಂದರು. ಯಾರೋ ಹುಚ್ಚನಿರಬೇಕು ಅಂದುಕೊಂಡೇ ಹುಡುಕಿದರು. ಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಅದು ಇತ್ತು! ನಮ್ಮ ಮೈಯಲ್ಲಿರುವ ಇಂಗಾಲ, ಯಜಮಾನರ ಪೆನ್ಸಿಲ್ಲಿನ ಇಂಗಾಲ, ಎಲ್ಲ ಆ ಹದದಲ್ಲೇ ಕೂತದ್ದು. 1957ರಲ್ಲಿ ಖಗೋಳ ವಿಜ್ಞಾನಿಗಳಾದ ಬರ್ಬಿಜ್ ದಂಪತಿ ಮತ್ತು ಫೌಲರ್ ಜೊತೆ ಸೇರಿ ಮೂಲವಸ್ತುಗಳು ನಕ್ಷತ್ರಗಳಲ್ಲಿ ಬೇಯುವ ಪೂರ್ತಿ ಕತೆ ಬರೆದರು. 1983ರ ನೊಬೆಲ್ ಫೌಲರ್ ಮತ್ತು ನಮ್ಮ ಚಂದ್ರಶೇಖರ್ ಅವರಿಗೆ ಬಂತು. ಹಾಯ್ಲ್‌ಗೆ ಇಲ್ಲ. ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರ ಕಂಡ ಜೋಸೆಲಿನ್ ಬೆಲ್ ಅವರನ್ನು 1974ರ ನೊಬೆಲ್‌ನಲ್ಲಿ ಕೈಬಿಟ್ಟದ್ದಕ್ಕೆ ಬಹಿರಂಗವಾಗಿ ಜಗಳಕ್ಕೆ ನಿಂತಿದ್ದರಲ್ಲ, ಅದರ ಸಿಟ್ಟು ಎನ್ನುವವರಿದ್ದಾರೆ. ಇರಲೂಬಹುದು.

ಸೈನ್ಸು ಕಪಾಟಿನ ಪುಸ್ತಕದಲ್ಲೇ ಅಂಗಡಿ ನನಗೆ ಕೈಕೊಟ್ಟದ್ದು. 120 ರೂಪಾಯಿ ಕೊಟ್ಟು ತಂದೆ. ರೈಲು ಪಾಂಡವಪುರ ದಾಟುವಾಗ ನೋಡಿದರೆ ಒಂದು ಫಾರಂ, ಅಂದರೆ 16 ಪುಟ, ಎರಡು ಸಲ ಸೇರಿದೆ, ಮುಂದಿನ 16 ಪುಟ ಇಲ್ಲವೇ ಇಲ್ಲ. ವಾಪಸ್ ಒಯ್ದೆ. ಯಜಮಾನರು ಎಣಿಸಿ ನೋಡಿ, "ಒಟ್ಟು ಪುಟ ಲೆಕ್ಕಕ್ಕೆ ಸರಿಯಾಗೈತಲ್ಲ ಮೇಡಂ" ಅಂದರು. ಅರ್ಧವೇ ಕೊಡುತ್ತೇನೆ ಎಂದು ಹಟ ಹಿಡಿದರು. ನಾನೂ ಟೀಚರು, ಸ್ಟೂಲು ಬಿಡಿಸಿಕೊಂಡು ಕೂತೆ. ಪೂರ್ತಿ ದುಡ್ಡು ಕೊಟ್ಟರು, ಕಾಫಿ ಕೊಡಿಸಲಿಲ್ಲ.

ಕತೆ ಕಪಾಟಿನದು 1957ರ ಕಾದಂಬರಿ. ಸೂರ್ಯನನ್ನು ಮುಚ್ಚುವ ಕರೀ ಮೋಡವೊಂದು ಬರುತ್ತದೆ, ಅದಕ್ಕೆ ಬುದ್ಧಿಯಿದೆ, ಮಾತಾಡುತ್ತದೆ. ವಿಜ್ಞಾನಿಗಳೆಲ್ಲ ಚುರುಕು, ಮಂತ್ರಿಗಳೆಲ್ಲ ದಡ್ಡರು. ಅಷ್ಟು ದಡ್ಡರೇನಲ್ಲಪ್ಪ ಅನಿಸಿದರೂ ಒಂದೇ ರಾತ್ರಿಗೆ ಮುಗಿಸಿದೆ. 80 ರೂಪಾಯಿ, ಒಂದೇ ಬೆಲೆ, ಹೊಡೆದು ಬರೆದದ್ದಿಲ್ಲ. ನಾನೂ ವಾಪಸ್ ಕೊಟ್ಟಿಲ್ಲ.

ರೇಡಿಯೋದಲ್ಲೂ ಅವರು ಹೀಗೇ ಸೊಗಸಾಗಿ ಮಾತಾಡುತ್ತಿದ್ದರು. 'ಬಿಗ್ ಬ್ಯಾಂಗ್' ಎಂಬ ಹೆಸರಿಟ್ಟವರೇ ಇವರು, 1949ರ ಬಿಬಿಸಿ ಭಾಷಣದಲ್ಲಿ. ವಿಶ್ವಕ್ಕೊಂದು ಆರಂಭವಿದೆ ಎಂಬ, ತಾವು ಒಪ್ಪದ ಸಿದ್ಧಾಂತಕ್ಕೆ! ಬಾಂಡಿ, ಗೋಲ್ಡ್ ಎಂಬ ವಿಜ್ಞಾನಿಗಳ ಜೊತೆ 1948ರಲ್ಲಿ ಅವರು ಮುಂದಿಟ್ಟದ್ದು ಬೇರೆ: ತೂಬಲ್ಲಿ ನೀರು ಹೋದಷ್ಟೂ ಕಾಲುವೆಯಿಂದ ಬಂದು ಕೆರೆಯ ಮಟ್ಟ ಹಾಗೇ ಇರುವಂತೆ, ವಿಶ್ವ ಹಿಗ್ಗಿದಷ್ಟೂ ಹೊಸ ವಸ್ತು ಹುಟ್ಟುತ್ತ ಯಾವಾಗಲೂ ಹೀಗೇ ಇರುತ್ತದೆ ಎಂದು. ಚೆಂದದ ಯೋಚನೆ. ವಿಶ್ವದ ಬಿಸಿ ಆರಂಭದ ಶೇಷವಾಗಿ ಎಲ್ಲ ದಿಕ್ಕಿನಿಂದ ಬರುವ ಮೈಕ್ರೋವೇವ್ ವಿಕಿರಣ 1965ರಲ್ಲಿ ಪ್ರಕಟವಾದ ಮೇಲೆ ಹೆಚ್ಚಿನವರು ಅದನ್ನು ಕೈಬಿಟ್ಟರು. ಹಾಯ್ಲ್ ಬಿಡಲಿಲ್ಲ. 1993ರಲ್ಲೂ ತಮ್ಮ ಶಿಷ್ಯ ಜಯಂತ ನಾರ್ಳೀಕರ್ ಮತ್ತು ಜೆಫ್ರಿ ಬರ್ಬಿಜ್ ಜೊತೆ ಅದನ್ನೇ ತಿದ್ದಿ ತಂದರು.

ಡಾಕ್ಟ್ರು ಕಪಾಟಿನ ಪುಸ್ತಕದ ಬಗ್ಗೆಯೇ ನನಗೂ ಯಜಮಾನರಿಗೂ ಜಗಳ. 1979ರದ್ದು, ಶ್ರೀಲಂಕಾದ ಖಗೋಳ ವಿಜ್ಞಾನಿ ಚಂದ್ರ ವಿಕ್ರಮಸಿಂಘೆ ಜೊತೆ ಬರೆದದ್ದು. ಫ್ಲೂ ಒಬ್ಬರಿಂದೊಬ್ಬರಿಗೆ ಹರಡುವುದಲ್ಲ, ಧೂಮಕೇತುಗಳ ಧೂಳಿನಲ್ಲಿ ಬಂದು ಮೇಲಿಂದ ಉದುರುತ್ತದೆ ಎನ್ನುತ್ತಾರೆ. ಅದಕ್ಕಾಗಿ ಬ್ರಿಟನ್ನಿನ ವಸತಿ ಶಾಲೆಗಳಲ್ಲಿ ಯಾರು ಯಾವಾಗ ಮಲಗಿದರು ಎಂಬ ಲೆಕ್ಕ ಕಲೆಹಾಕಿದ್ದರು. ಅಂಟುರೋಗವಾದರೆ ಒಂದು ಹಾಸ್ಟೆಲಲ್ಲಿ ಅಷ್ಟು, ಇನ್ನೊಂದರಲ್ಲಿ ಇಷ್ಟು ಹೇಗೆ ಎಂಬುದು ಅವರ ಪ್ರಶ್ನೆ. ಶಾಲೆಯ ಮಾತು ಬಂದರೆ ನಾನು ಸುಮ್ಮನಿರಲಾರೆ. ನನ್ನ ಹಾಜರಿ ಪುಸ್ತಕದಲ್ಲೂ ಜ್ವರ ಒಂದೇ ಸಮ ಬರಲಿಲ್ಲ. ಸೋಮವಾರ ಕಿಟಕಿ ಪಕ್ಕದ ಬೆಂಚಿನ ಒಬ್ಬಳು, ಬುಧವಾರ ಅವಳ ಜೊತೆ ಡಬ್ಬಿ ಹಂಚಿಕೊಂಡವಳು, ಶುಕ್ರವಾರ ಇಬ್ಬರ ಜೊತೆ ಕೆರಗೋಡಿನಿಂದ ಒಂದೇ ವ್ಯಾನಲ್ಲಿ ಬರುತ್ತಿದ್ದ ನಾಲ್ವರು. ಉದುರುವುದಾದರೆ ವ್ಯಾನು ನೋಡಿ ಉದುರುತ್ತದೆಯೇ? ಅದಕ್ಕಿಂತ ದೊಡ್ಡ ತೊಡಕು: ವೈರಸ್ಸು ತಾನು ಹೊಗುವ ಜೀವಕೋಶಕ್ಕೆ ಬೀಗಕ್ಕೆ ಕೀಲಿಯಂತೆ ಹೊಂದಿರಬೇಕು. ನಮ್ಮನ್ನು ಕಾಣದ ಧೂಮಕೇತುವಿನಲ್ಲಿ ನಮ್ಮ ಬೀಗದ ಕೀಲಿ ತಯಾರಾದದ್ದು ಹೇಗೆ?

"ನೀಟ್ ಓದೋ ಮಕ್ಕಳು ಬಂದು ತಗೊಂಡ್ರೆ ಏನ್ ಗತಿ, ಆ ಕಪಾಟಿಂದ ತೆಗೀರಿ ಅಣ್ಣ" ಎಂದೆ. "ಜ್ವರದ್ ಬುಕ್ಕು ಡಾಕ್ಟ್ರು ಹತ್ರ ಇರ್ದೆ ದೇವ್ರ ಹತ್ರ ಇರ್ತದಾ?" ಎಂದರು. ಹೊಡೆದ ಬೆಲೆಗಳು ಮಾತ್ರ ನನ್ನ ಪರ: 150, 120, 90. ಕೊಂಡವರೆಲ್ಲ ತಂದುಕೊಟ್ಟಿದ್ದಾರೆ.

ದೇವ್ರು ದಿಂಡ್ರು ಕಪಾಟಿನದು 1981ರದ್ದು. ಜೀವ ತನ್ನಷ್ಟಕ್ಕೆ ಆಕಸ್ಮಿಕವಾಗಿ ಹುಟ್ಟುವುದೆಂದರೆ ಗುಜರಿ ಅಂಗಡಿಗೆ ಸುಂಟರಗಾಳಿ ನುಗ್ಗಿ ಬೋಯಿಂಗ್ ವಿಮಾನ ಜೋಡಿಸಿದಂತೆ, ಹಿಂದೆ ಯಾವುದೋ ಬುದ್ಧಿ ಇರಲೇಬೇಕು ಎಂಬ ವಾದ ಆ ದಿನಗಳದ್ದು. ಹಾಯ್ಲ್ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ನೋಡಿರಲಿಲ್ಲ. ಅಲ್ಲಿನ ಇಂಡಾಫ್ ರಾಗಿ ಒಂದು ಗಾಳಿಗೆ ಹುಟ್ಟಿದ್ದಲ್ಲ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕಾದ ತಳಿಗೂ ಬೆಸುಗೆ ಹಾಕಿ, ಚೆನ್ನಾಗಿ ಬಂದದ್ದನ್ನು ಉಳಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ ತಂದದ್ದು. ಅಲ್ಲಿ ಆರಿಸಿದ್ದು ಮನುಷ್ಯ. ಕಾಡಿನಲ್ಲಿ ಬರ, ಹಸಿವು, ರೋಗ ಆರಿಸುತ್ತವೆ. ಒಂದೇ ಏಟಿಗೆ ವಿಮಾನ ಯಾರೂ ಕೇಳಿಲ್ಲ. ಲಂಡನ್ ಮ್ಯೂಸಿಯಮ್ಮಿನ ಸರೀಸೃಪಕ್ಕೂ ಹಕ್ಕಿಗೂ ನಡುವಿನ ಹಂತ ತೋರಿಸುವ ಆರ್ಕಿಯಾಪ್ಟೆರಿಕ್ಸ್ ಎಂಬ ಹಕ್ಕಿಯ ಪಳೆಯುಳಿಕೆಯೇ ನಕಲಿ ಎಂದು 1985ರಲ್ಲಿ ಹೊರಟದ್ದು ಮಾತ್ರ ಅತಿಯಾಯಿತು. ಕಲ್ಲಿನ ಎರಡೂ ಹೋಳುಗಳಲ್ಲಿ ಕೂದಲೆಳೆಯ ಬಿರುಕುಗಳು ಒಂದಕ್ಕೊಂದು ಕೂಡುತ್ತವೆ ಎಂದು ಮ್ಯೂಸಿಯಮ್ಮಿನವರು ತೋರಿಸಿದ ಮೇಲೂ ಇವರು ಬಗ್ಗಲಿಲ್ಲ. ಐದೆಸಳು ಎಂದ ಟೀಚರೂ ಬಗ್ಗಿರಲಿಲ್ಲ.

2001ರ ಜುಲೈ ಕೊನೆಯಲ್ಲಿ ಕೇರಳದ ಕೊಟ್ಟಾಯಂ ಕಡೆ ಕೆಂಪು ಮಳೆ ಸುರಿಯಿತು. ಹಾಯ್ಲ್ ತೀರಿಕೊಂಡದ್ದು ಆಗಸ್ಟ್ 20ಕ್ಕೆ. ಮಳೆಯ ಆ ಕೆಂಪು ಬಣ್ಣ ಆಕಾಶದಾಚೆಯಿಂದ ಬಂದ ಜೀವಕೋಶಗಳದ್ದು ಎಂಬ ವಾದಕ್ಕೆ ವಿಕ್ರಮಸಿಂಘೆ ಆಮೇಲೆ ದನಿಗೂಡಿಸಿದರು. ಅದು ಅಲ್ಲಿನ ಮರಗಳ ಮೇಲೆ ಬೆಳೆಯುವ ಪಾಚಿಯ ಬೀಜಕಣ ಎಂದು ಪರೀಕ್ಷೆ ಮಾಡಿದವರು ಹೇಳಿದ್ದರು.

ಹೋಗುವವರಿಗೆ: ಸೋಮವಾರ ರಜೆ. ಸಂಜೆ ಐದರ ಮೇಲೆ ಬೆಳಕು ಸಾಲದು, ಮೊಬೈಲ್ ಟಾರ್ಚು ಬೇಕು. ಕೊಳ್ಳುವ ಮುಂಚೆ ಪುಟದ ಸಂಖ್ಯೆ ಎಣಿಸಿ, ಯಜಮಾನರು ಮುಖ ಸಿಂಡರಿಸಿದರೂ ಎಣಿಸಿ. ಕನ್ನಡ ಪುಸ್ತಕ ಕಡಿಮೆ, ಅದೊಂದು ಕೊರತೆ. ಮಂಡಿನೋವಿನವರು ಮೆಟ್ಟಿಲ ಕೆಳಗಿಂದ ಕೂಗಿ ಕೇಳಿದರೆ ಪಾತ್ರೆ ಅಂಗಡಿ ಹುಡುಗ ತಂದುಕೊಡುತ್ತಾನೆ.

ಮೊನ್ನೆ ಹೋದಾಗ ಡಾಕ್ಟ್ರು ಕಪಾಟಿನಲ್ಲಿ ಜ್ವರದ ಪುಸ್ತಕ ಇರಲಿಲ್ಲ. ಕೊನೆಗೂ ನನ್ನ ಮಾತು ಕೇಳಿ ಎತ್ತಿಟ್ಟರಾ ಎಂದು ಖುಷಿಯಾಯಿತು.

"ಮಾರಾಟ ಆಯ್ತು ಮೇಡಂ. ಅರವತ್ತಕ್ಕೆ. ಒಬ್ರು ಡಾಕ್ಟ್ರೇ ತಗೊಂಡೋದ್ರು."

"ಡಾಕ್ಟ್ರಾ?"

"ಊಂ. ವಾಪಸ್ ತರ್ತಾರೆ ಬಿಡಿ," ಎಂದು ಪೆನ್ಸಿಲ್ ಚೂಪು ಮಾಡುತ್ತ ಕೂತರು.