ಮುಂಬಯಿಯ ಮಣಿ ಭವನ: ಗಾಂಧೀಜಿ ಕುಳಿತು ಕೆಲಸ ಮಾಡಿದ ಮನೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜಗತ್ತಿನ ಮೇಲೆ ಆಳವಾದ ಪ್ರಭಾವ ಬೀರಿದವರನ್ನು ಎಣಿಸುವಾಗ ಗಾಂಧೀಜಿಯವರ ಹೆಸರನ್ನು ಯಾರೂ ಬಿಡುವುದಿಲ್ಲ. ಆ ಪ್ರಭಾವ ಎಂಥ ಕೋಣೆಗಳಲ್ಲಿ, ದಿನನಿತ್ಯದ ಎಂಥ ಕೆಲಸದಿಂದ ಬೆಳೆಯಿತೆಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಮುಂಬಯಿಯ ಗಾಂವದೇವಿಯಲ್ಲಿರುವ ಮಣಿ ಭವನ ವಸ್ತುಸಂಗ್ರಹಾಲಯವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಗಾಂಧೀಜಿಯವರ ಸ್ನೇಹಿತರಾದ ರೇವಾಶಂಕರ ಜಗಜೀವನ ಝವೇರಿ ಅವರಿಗೆ ಸೇರಿದ್ದ ಈ ಮನೆ 1917ರಿಂದ 1934ರವರೆಗೆ ಗಾಂಧೀಜಿಯವರ ಮುಂಬಯಿ ವಾಸ್ತವ್ಯದ ನೆಲೆಯಾಗಿತ್ತು. ಆಶ್ರಮಗಳಲ್ಲಿ ನಾವು ಕಾಣುವುದು ಅವರ ಜೀವನಕ್ರಮವನ್ನು. ಇಲ್ಲಿ ಕಾಣುವುದು ಚಳವಳಿಯೊಂದನ್ನು ಕಟ್ಟುತ್ತಿದ್ದ ಸಂಘಟಕನನ್ನು. ಈ ಮನೆಯ ನಿಜವಾದ ಮೌಲ್ಯ ಇರುವುದು ಇಲ್ಲಿಯೇ.

ಎರಡನೆಯ ಮಹಡಿಯಲ್ಲಿರುವ ಗಾಂಧೀಜಿಯವರ ಕೋಣೆಯನ್ನು ಅವರು ಬಳಸುತ್ತಿದ್ದ ರೀತಿಯಲ್ಲಿಯೇ ಉಳಿಸಿಕೊಳ್ಳಲಾಗಿದೆ: ನೆಲದ ಮೇಲೆ ಹಾಸಿಗೆ, ಬರೆಯಲು ಗಿಡ್ಡ ಮೇಜು, ಚರಕಗಳು. ಅಲಂಕಾರವೆನ್ನಬಹುದಾದದ್ದು ಏನೂ ಇಲ್ಲ. ಅರಳೆ ಹಿಂಜುವ ಮೊದಲ ಪಾಠವನ್ನು ಅವರು ಕಲಿತದ್ದು ಈ ಮನೆಯ ಮುಂದೆ ಹಾದುಹೋಗುತ್ತಿದ್ದ ಅರಳೆ ಹಿಂಜುವವನೊಬ್ಬನಿಂದ ಎಂಬ ಸಂಗತಿಯನ್ನು ನೆನೆದಾಗ, ಮುಂದೆ ದೇಶದ ಗುರುತೇ ಆಗಿಬಿಟ್ಟ ಆ ಚರಕಗಳಲ್ಲಿ ಕಲಿಯುವವನೊಬ್ಬನ ಶ್ರದ್ಧೆಯೂ ಕಾಣತೊಡಗುತ್ತದೆ.

ಈ ಮನೆಯಲ್ಲಿ ನಡೆದ ಘಟನೆಗಳನ್ನು ತಿಳಿದುಕೊಂಡು ಹೋದವರಿಗೆ ಕೋಣೆ ಕೋಣೆಯೂ ಹೆಚ್ಚು ಅರ್ಥಪೂರ್ಣವಾಗುತ್ತದೆ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಟ್ಟಿದ್ದ ರೌಲಟ್ ಕಾಯಿದೆಯ ವಿರುದ್ಧದ ಸತ್ಯಾಗ್ರಹದ ಕಾಲದಲ್ಲಿ, 1919ರ ಏಪ್ರಿಲ್ 7ರಂದು, ಪತ್ರಿಕಾ ಕಾಯಿದೆಯನ್ನು ಬೇಕೆಂದೇ ಮುರಿಯುವುದಕ್ಕಾಗಿ ನೋಂದಣಿ ಮಾಡಿಸದ ‘ಸತ್ಯಾಗ್ರಹಿ’ ಎಂಬ ವಾರಪತ್ರಿಕೆಯನ್ನು ಅವರು ಹೊರಡಿಸಿದ್ದು ಇಲ್ಲಿಂದ. 1921ರ ನವೆಂಬರಿನಲ್ಲಿ ಬ್ರಿಟಿಷ್ ಯುವರಾಜನ ಭೇಟಿಯ ಸಂದರ್ಭದಲ್ಲಿ ಮುಂಬಯಿಯಲ್ಲಿ ಗಲಭೆಗಳೆದ್ದಾಗ, ಶಾಂತಿ ಮರಳಲಿ ಎಂದು ಅವರು ಉಪವಾಸ ಕುಳಿತದ್ದೂ ಇಲ್ಲಿಯೇ. ಭಾರತದ ಮುಂದಿನ ಆಡಳಿತವನ್ನು ಚರ್ಚಿಸಲು ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಹಿಂದಿರುಗಿದ ಮೇಲೆ, 1932ರ ಜನವರಿ 4ರ ನಸುಕಿನಲ್ಲಿ, ತಾರಸಿಯ ಮೇಲಿನ ಡೇರೆಯಲ್ಲಿ ಮಲಗಿದ್ದ ಅವರನ್ನು ಪೊಲೀಸರು ಬಂಧಿಸಿದರು. ಪತ್ರಿಕೆ, ಉಪವಾಸ, ಸೆರೆಮನೆ ಈ ಮೂರೂ ಅವರ ಕಾರ್ಯವಿಧಾನದ ಅಂಗಗಳೆಂಬುದು ಒಂದೇ ಸೂರಿನಡಿ ನಿಂತಾಗ ಮನದಟ್ಟಾಗುತ್ತದೆ.

ಮೊದಲ ಮಹಡಿಯ ಛಾಯಾಚಿತ್ರಗಳನ್ನೂ ಪತ್ರಗಳನ್ನೂ ಅವಸರವಿಲ್ಲದೆ ನೋಡಬೇಕು. ಯುದ್ಧವನ್ನು ತಡೆಯಬೇಕೆಂದು ಕೋರಿ 1939ರಲ್ಲಿ ಹಿಟ್ಲರನಿಗೆ ಬರೆದ ಪತ್ರ, 1942ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಬರೆದ ಪತ್ರ ಇವೆರಡನ್ನೂ ಓದಿದಾಗ, ಎದುರಿಗಿರುವವರು ಯಾರೇ ಆಗಿರಲಿ, ಸ್ನೇಹಿತನೆಂದೇ ಸಂಬೋಧಿಸಿ ನೇರವಾಗಿ ಮಾತನಾಡುವ ಅವರ ಧೈರ್ಯ ತಿಳಿಯುತ್ತದೆ. ಅವರ ಜೀವನದ ಘಟನೆಗಳನ್ನು ಪುಟ್ಟ ಬೊಂಬೆಗಳಲ್ಲಿ ನಿರೂಪಿಸಿರುವ ದೃಶ್ಯಮಾಲೆ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ; ಆದರೆ ಆತ್ಮಕಥೆಯನ್ನು ಓದಿರುವ ದೊಡ್ಡವರಿಗೆ ಅದರಲ್ಲಿ ಹೊಸದು ಕಡಿಮೆ. ಆ ಸಮಯವನ್ನು ಅವರು ನೆಲ ಅಂತಸ್ತಿನ ಗ್ರಂಥಾಲಯಕ್ಕೆ ಮೀಸಲಿಡುವುದು ಲೇಸು. ಗಾಂಧೀಜಿಯವರ ಬರಹಗಳಲ್ಲಿ ಹಾಗೂ ಅವರ ಕಾಲದ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಅಲ್ಲಿ ದೊಡ್ಡ ಸಂಗ್ರಹವಿದೆ.

ಕನ್ನಡಿಗರಿಗೆ ಈ ಮನೆಯ ಚರಿತ್ರೆ ದೂರದ್ದಲ್ಲ. ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆದದ್ದೂ, 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದದ್ದೂ ಅವರು ಈ ಮನೆಗೆ ಬಂದುಹೋಗುತ್ತಿದ್ದ ವರ್ಷಗಳಲ್ಲಿಯೇ. ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮಕ್ಕಳಿಗೆ ಇದನ್ನು ಹೇಳಿ ಕರೆದೊಯ್ದರೆ ಭೇಟಿಯ ತೂಕ ಹೆಚ್ಚುತ್ತದೆ. ಪ್ರದರ್ಶನದಲ್ಲಿಯೂ ಒಟ್ಟು ಜೀವನಕಥೆಗಿಂತ ಆ ಹದಿನೇಳು ವರ್ಷಗಳಿಗೆ, ಇಲ್ಲಿ ಬಂದು ಹೋದವರಿಗೆ, ಇಲ್ಲಿ ನಡೆದ ಚರ್ಚೆಗಳಿಗೆ ಇನ್ನಷ್ಟು ಜಾಗ ಸಿಗಬೇಕೆಂಬುದು ನನ್ನ ಹಂಬಲ. ಅಮೆರಿಕದ ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಅಹಿಂಸೆಯ ದಾರಿಯಲ್ಲಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದಾಗ ಇಲ್ಲಿ ತಂಗಿದ್ದರು. ಅಹಿಂಸಾತ್ಮಕ ಹೋರಾಟದ ವಿಧಾನ ಸಮುದ್ರ ದಾಟಿದ ಬಗೆಯನ್ನು ವಿವರಿಸಲು ಇದಕ್ಕಿಂತ ತಕ್ಕ ಸ್ಥಳ ಮುಂಬಯಿಯಲ್ಲಿ ಬೇರೊಂದಿಲ್ಲ.

ಪಶ್ಚಿಮ ರೈಲುಮಾರ್ಗದ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಮುಖ್ಯ ಭಾಗಗಳು ಮಹಡಿಯ ಮೇಲಿರುವುದರಿಂದ ಮೊಣಕಾಲು ನೋವಿರುವ ಹಿರಿಯರು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಒಳಿತು. 1942ರಲ್ಲಿ ‘ಕ್ವಿಟ್ ಇಂಡಿಯಾ’ ನಿರ್ಣಯಕ್ಕೆ ಸಾಕ್ಷಿಯಾದ ಆಗಸ್ಟ್ ಕ್ರಾಂತಿ ಮೈದಾನವೂ ಹತ್ತಿರದಲ್ಲಿಯೇ ಇದೆ. ಅರ್ಧ ದಿನ ಬಿಡುವು ಮಾಡಿಕೊಂಡು ಮಣಿ ಭವನವನ್ನು ಮೊದಲು, ಮೈದಾನವನ್ನು ಆಮೇಲೆ ನೋಡುವುದು ಇತಿಹಾಸದ ಕ್ರಮಕ್ಕೂ ಒಪ್ಪುತ್ತದೆ.