ಸ್ಟೇಬಲ್‌ಬಿಟ್ ಡ್ರೈವ್‌ಪೂಲ್: ಸರ್ವರ್ ಬದಲಾಯಿತು, ಡಿಸ್ಕುಗಳು ಹಾಗೆಯೇ ಉಳಿದವು

ಡ್ರೈವ್‌ಪೂಲ್ ಎಂಬ ಈ ತಂತ್ರಾಂಶವನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ ಒಂದೇ: ನಾಳೆ ಅದು ಇಲ್ಲದೇ ಹೋದರೂ ನನ್ನ ಫೈಲುಗಳು ಎಲ್ಲಿಗೂ ಹೋಗುವುದಿಲ್ಲ.

ದಾವಣಗೆರೆಯಲ್ಲಿ ಮದುವೆ ಫೋಟೊ, ವಿಡಿಯೊ ತೆಗೆಯುವ ಸಣ್ಣ ಸ್ಟುಡಿಯೊ ನಮ್ಮದು. ಮದುವೆಯಾದವರ ಮಗು ಶಾಲೆಗೆ ಸೇರಿದ ಮೇಲೆ ಹುಡುಗಿಯ ತಂದೆ ಫೋನ್ ಮಾಡಿ, "ಪೆನ್‌ಡ್ರೈವ್ ಕೆಟ್ಟಿದೆ, ಧಾರೆಯ ವಿಡಿಯೊ ಇನ್ನೊಂದು ಪ್ರತಿ ಕೊಡಿ" ಎನ್ನುತ್ತಾರೆ. ಇಲ್ಲ ಎಂದರೆ ಊರಿನಲ್ಲಿ ಹೆಸರು ಕೆಡುತ್ತದೆ. ಹಾಗಾಗಿ ಏನನ್ನೂ ಅಳಿಸುವುದಿಲ್ಲ. ಜಾಗ ತುಂಬಿದಾಗಲೆಲ್ಲ ಒಂದೊಂದು ಸೇರಿಸುತ್ತಾ ಈಗ 4, 6, 8 ಟಿಬಿಯ ಐದು ಡಿಸ್ಕುಗಳಾಗಿವೆ. ಕಂಪನಿ ಬೇರೆ, ಅಳತೆ ಬೇರೆ, ವಯಸ್ಸೂ ಬೇರೆ. ಡ್ರೈವ್‌ಪೂಲ್ ಇವೆಲ್ಲವನ್ನೂ ಕೂಡಿಸಿ 'ಪಿ' ಎಂಬ ಒಂದೇ ಡ್ರೈವ್ ಆಗಿ ತೋರಿಸುತ್ತದೆ. ಯಾವ ಮದುವೆ ಯಾವ ಡಿಸ್ಕಿನಲ್ಲಿದೆ ಎಂದು ಎಡಿಟಿಂಗ್ ಮಾಡುವ ಹುಡುಗರು ಹುಡುಕಬೇಕಾಗಿಲ್ಲ.

ಇದೆಲ್ಲ ಓಡುತ್ತಿದ್ದುದು ವಿಂಡೋಸ್ ಸರ್ವರ್ 2012 ಆರ್2 ಮೇಲೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿತ್ತು. ಹೊಸ ಆವೃತ್ತಿಗೆ ಹೋಗಲು ಆಷಾಢ ಬರಲಿ ಎಂದು ಕಾದೆ. ನಮ್ಮ ಕಸುಬಿನಲ್ಲಿ ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಕಂಪ್ಯೂಟರ್ ಅಂಗಡಿಯವರ ಸಲಹೆ, ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ, ಐದೂ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಆರಂಭಿಸುವುದು. ಆ 'ಬೇರೆ ಕಡೆ'ಗೆ ದುಡ್ಡು ಯಾರು ಕೊಡುತ್ತಾರೆ?

ಡ್ರೈವ್‌ಪೂಲ್‌ನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಅದು ಫೈಲನ್ನು ತುಂಡು ಮಾಡಿ ಹಂಚುವುದಿಲ್ಲ. ಪ್ರತಿ ಡಿಸ್ಕಿನಲ್ಲೂ 'ಪೂಲ್‌ಪಾರ್ಟ್' ಎಂದು ಆರಂಭವಾಗಿ ಉದ್ದನೆಯ ಅಂಕಿ-ಅಕ್ಷರಗಳ ಬಾಲವಿರುವ ಒಂದು ಅಡಗಿದ ಫೋಲ್ಡರ್ ಇರುತ್ತದೆ. ಅದರೊಳಗೆ ಫೈಲುಗಳು ವಿಂಡೋಸ್‌ನ ಮಾಮೂಲಿ ಎನ್‌ಟಿಎಫ್‌ಎಸ್ ರೂಪದಲ್ಲಿ ಇಡಿಯಾಗಿ ಕೂತಿರುತ್ತವೆ. ಸರ್ವರ್ ಮುಟ್ಟುವ ಮೊದಲು ಒಂದು 6 ಟಿಬಿ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಡಾಕ್‌ನಲ್ಲಿಟ್ಟು, ಈ ತಂತ್ರಾಂಶವೇ ಇಲ್ಲದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಡಗಿದ ಫೋಲ್ಡರ್ ತೆರೆದರೆ ಒಂದು ಆರತಕ್ಷತೆಯ ಚಿತ್ರಗಳು ಕಾಣಿಸಿದವು. ಆದರೆ ಅರ್ಧ ಮಾತ್ರ: ವೇದಿಕೆ ಹತ್ತಿದ ನೆಂಟರು ಇಲ್ಲಿದ್ದರು, ಊಟದ ಪಂಕ್ತಿ ಇನ್ನೊಂದು ಡಿಸ್ಕಿನಲ್ಲಿತ್ತು. ಇದ್ದ ಚಿತ್ರಗಳೆಲ್ಲ ಸಲೀಸಾಗಿ ತೆರೆದುಕೊಂಡವು. ನನ್ನ ಅರ್ಧ ಭಯ ಅಲ್ಲೇ ಕಳೆಯಿತು.

ಸ್ಥಳಾಂತರ ಸರಳ, ಕ್ರಮ ತಪ್ಪಬಾರದು ಅಷ್ಟೇ. ಮೊದಲು ಹಳೆಯ ಸರ್ವರಿನಲ್ಲಿ ಡಿಸ್ಕುಗಳ ಆರೋಗ್ಯ ಪರೀಕ್ಷಿಸಿ, ಪ್ರತಿಯೊಂದರ ಸೀರಿಯಲ್ ನಂಬರ್ ಬರೆದುಕೊಂಡು, ಡ್ರೈವ್‌ಪೂಲ್‌ನ ಲೈಸೆನ್ಸನ್ನು ಅಲ್ಲಿಂದ ಬಿಡಿಸಬೇಕು. ಆಮೇಲೆ ಗಣಕ ಆಫ್ ಮಾಡಿ ಐದೂ ಡಿಸ್ಕುಗಳ ಕೇಬಲ್ ಕಿತ್ತಿಡಬೇಕು. ಇದನ್ನು ಒತ್ತಿ ಹೇಳುತ್ತೇನೆ: ವಿಂಡೋಸ್ ಇನ್‌ಸ್ಟಾಲರ್ ಕೆಲವೊಮ್ಮೆ ತನ್ನ ಬೂಟ್ ಭಾಗವನ್ನು ಬೇರೆ ಡಿಸ್ಕಿನಲ್ಲಿ ಹಾಕಿಬಿಡುತ್ತದೆ, ಅವಸರದಲ್ಲಿ ತಪ್ಪು ಡಿಸ್ಕಿಗೆ 'ಫಾರ್ಮ್ಯಾಟ್' ಒತ್ತುವವರೂ ಇದ್ದಾರೆ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಸರ್ವರ್ 2022 ಹಾಕಿ, ಅಪ್‌ಡೇಟ್ ಮುಗಿಸಿ, ಡ್ರೈವ್‌ಪೂಲ್ ಹಾಕಿ, ಗಣಕ ಆಫ್ ಮಾಡಿ, ಡಿಸ್ಕುಗಳನ್ನು ಮತ್ತೆ ಜೋಡಿಸಿದೆ. ಹಳೆಯ ಎಸ್‌ಎಸ್‌ಡಿ ಏನೂ ಅಳಿಸದೆ ಬೀರುವಿನಲ್ಲಿದೆ. ಕೈಕೊಟ್ಟರೆ ಅದನ್ನೇ ಸಿಕ್ಕಿಸಿ ಹಿಂದಿರುಗಬಹುದಿತ್ತು. ಆನ್ ಮಾಡಿದಾಗ ಪೂಲ್, ಅಂದರೆ ಐದೂ ಡಿಸ್ಕುಗಳು ಕೂಡಿದ ಆ ಒಂದೇ ಡ್ರೈವ್, ತಾನಾಗಿಯೇ ಎದ್ದು ನಿಂತಿತು, ಯಾವ ಫೋಲ್ಡರಿನ ಫೈಲುಗಳನ್ನು ಎರಡು ಡಿಸ್ಕುಗಳಲ್ಲಿ ಎರಡು ಪ್ರತಿಯಾಗಿ ಇಡಬೇಕು ಎಂಬ ನೆನಪಿನ ಸಮೇತ. ಡ್ರೈವ್ ಅಕ್ಷರ ಮಾತ್ರ ಬದಲಾಗಿತ್ತು, ಅದನ್ನು ಮತ್ತೆ 'ಪಿ' ಮಾಡಿದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪೂಲ್ ಎಷ್ಟೇ ದೊಡ್ಡದಿದ್ದರೂ ಸುಮಾರು 2 ಟಿಬಿಯ ಡಿಸ್ಕ್ ಎಂದೇ ಕಾಣುತ್ತದೆ. ಗಾಬರಿಯಾಗಿ ಅದನ್ನು ಮುಟ್ಟಲು ಹೋಗಬೇಡಿ.

ನಿಜವಾದ ತಲೆನೋವು ಬಂದದ್ದು ಅನುಮತಿಗಳಿಂದ. "ಸರ್, ಫೋಲ್ಡರ್ ಕಾಣುತ್ತಿದೆ, ತೆರೆಯುತ್ತಿಲ್ಲ" ಎಂದು ಹುಡುಗ ಕರೆದ. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಬಳಕೆದಾರರ ಹೆಸರು ಇರಬೇಕಾದ ಕಡೆ 'ಎಸ್-1-5-21' ಎಂದು ಆರಂಭವಾಗುವ ಉದ್ದ ಸಂಖ್ಯೆ. ವಿಂಡೋಸ್ ಹೆಸರನ್ನು ನೋಡುವುದಿಲ್ಲ, ಖಾತೆಯ ಗುರುತುಸಂಖ್ಯೆಯನ್ನು ನೋಡುತ್ತದೆ. ಹೊಸ ಸರ್ವರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಅದಕ್ಕೆ ಅವನು ಅಪರಿಚಿತನೇ. 'ಟೇಕ್‌ಓನ್' ಮತ್ತು 'ಐಕ್ಯಾಕಲ್ಸ್' ಆದೇಶಗಳಿಂದ ಇಡೀ ಪಿ ಡ್ರೈವಿನ ಒಡೆತನ, ಅನುಮತಿ ಎರಡನ್ನೂ ಹೊಸದಾಗಿ ಕೊಡಬೇಕಾಯಿತು. ಲಕ್ಷಾಂತರ ಚಿತ್ರಗಳು, ರಾತ್ರಿಯಿಡೀ ಓಡಲು ಬಿಟ್ಟು ಮನೆಗೆ ಹೋದೆ. ನೆಟ್‌ವರ್ಕ್ ಶೇರ್‌ಗಳನ್ನೂ (ಬೇರೆ ಗಣಕಗಳಿಗೆ ತೆರೆದಿಟ್ಟ ಫೋಲ್ಡರುಗಳು) ಮತ್ತೆ ಕಟ್ಟಬೇಕು. ಇದು ಡ್ರೈವ್‌ಪೂಲ್‌ನ ದೋಷವಲ್ಲ, ಡೊಮೇನ್ (ಎಲ್ಲ ಖಾತೆಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ) ಇಲ್ಲದ ಯಾವ ವಿಂಡೋಸ್ ಸರ್ವರಿನಲ್ಲೂ ಹೀಗೆಯೇ.

ವಿಂಡೋಸ್‌ನಲ್ಲೇ ಉಚಿತವಾಗಿ ಬರುವ, ಹೀಗೆಯೇ ಡಿಸ್ಕುಗಳನ್ನು ಕೂಡಿಸುವ ಸ್ಟೋರೇಜ್ ಸ್ಪೇಸಸ್ ಏಕಲ್ಲ ಎಂದು ಗೆಳೆಯರು ಕೇಳುತ್ತಾರೆ. ಅದೂ ಹೊಸ ಸರ್ವರಿಗೆ ಹೋಗುತ್ತದೆ. ಆದರೆ ಅದು ದತ್ತಾಂಶವನ್ನು ತುಂಡುಗಳಾಗಿ ಡಿಸ್ಕುಗಳ ಮೇಲೆ ಹರಡುತ್ತದೆ, ಒಂದೇ ಡಿಸ್ಕ್ ಹಿಡಿದು ಚಿತ್ರ ನೋಡಲಾಗದು. ಹೊಸ ವಿಂಡೋಸ್‌ನಲ್ಲಿ ಆ ಪೂಲ್‌ನ ಆವೃತ್ತಿಯನ್ನು ಏರಿಸಿದರೆ ಹಳೆಯದಕ್ಕೆ ಮರಳುವ ದಾರಿಯೂ ಮುಚ್ಚುತ್ತದೆ. ಬೀರುವಿನ ಎಸ್‌ಎಸ್‌ಡಿಯನ್ನು ನಂಬಿ ಮಲಗುವ ನನ್ನಂಥವನಿಗೆ ಅದು ಸರಿಹೋಗದು.

ಡ್ರೈವ್‌ಪೂಲ್‌ನ ಕೊರತೆಗಳೂ ಸಣ್ಣವಲ್ಲ. ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದನ್ನು ಲೆಕ್ಕ ಹಾಕಿ ಮರಳಿ ಪಡೆಯುವ ವ್ಯವಸ್ಥೆ) ಇಲ್ಲ, ಸುರಕ್ಷತೆ ಬೇಕಿದ್ದರೆ ಎರಡು ಪ್ರತಿ, ಅಂದರೆ ಎರಡರಷ್ಟು ಜಾಗ. ನಾನು ಅಂತಿಮ ವಿಡಿಯೊ ಮತ್ತು ಆಲ್ಬಮ್‌ಗಳಿಗೆ ಮಾತ್ರ ಎರಡು ಪ್ರತಿ ಇಟ್ಟಿದ್ದೇನೆ. ಅದೂ ಬ್ಯಾಕಪ್ ಅಲ್ಲ: ಹುಡುಗ ಒಂದನ್ನು ಅಳಿಸಿದರೆ ಇನ್ನೊಂದೂ ಆ ಕ್ಷಣವೇ ಹೋಗುತ್ತದೆ. ಪೂಲ್ ಡ್ರೈವ್ ಮೇಲೆ ವಿಂಡೋಸ್‌ನ ಶ್ಯಾಡೊ ಕಾಪಿ (ಫೈಲುಗಳ ಹಿಂದಿನ ಸ್ಥಿತಿಯನ್ನು ಉಳಿಸುವ ಸೌಲಭ್ಯ) ನಡೆಯುವುದಿಲ್ಲ. ಒಂದು ಡಿಸ್ಕಿನ ಕೇಬಲ್ ಸಡಿಲವಾದರೂ ಇಡೀ ಪೂಲ್ ಓದಲಷ್ಟೇ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಮದುವೆಯ ಸೀಸನ್ನಿನಲ್ಲಿ ಅದು ಕಿರಿಕಿರಿಯೇ, ಆದರೂ ನ್ಯಾಯವಾದದ್ದು. ಲಿನಕ್ಸ್ ಬಳಸುವವರಿಗೆ ಇದು ಸಿಗುವುದಿಲ್ಲ.

ಬೆಲೆ ಒಂದು ಗಣಕಕ್ಕೆ ಸುಮಾರು 30 ಡಾಲರ್, ಒಮ್ಮೆ ಕೊಟ್ಟರೆ ಸಾಕು. ಮೊದಲ 30 ದಿನ ಉಚಿತ. ಆ ಅವಧಿಯಲ್ಲಿ ಮೂಲೆಗೆ ಬಿದ್ದಿರುವ ಎರಡು ಹಳೆಯ ಡಿಸ್ಕುಗಳಿಂದ ಪೂಲ್ ಮಾಡಿ, ಅವನ್ನು ಇನ್ನೊಂದು ವಿಂಡೋಸ್ ಗಣಕಕ್ಕೆ ಸಿಕ್ಕಿಸಿ ನೋಡಿ; ಕೊಳ್ಳುವುದೋ ಬಿಡುವುದೋ ಆಮೇಲೆ ನಿರ್ಧರಿಸಿ.